ಕಲಿತು ಬಿಟ್ಟ ವಿದ್ಯೆಗೆ ಮರಳುವುದೂ ಒಂದು ಹೊಣೆ

ವಯಸ್ಸು ನಲವತ್ತೈದರ ಆಸುಪಾಸು. ಗಡ್ಡದಲ್ಲಿ ಅರ್ಧಕ್ಕರ್ಧ ನರೆ. ಸೊಂಟಕ್ಕೆ ಬಿಳಿ ಬೆಲ್ಟು. ಹತ್ತು ಹನ್ನೆರಡು ವರ್ಷದ ಮಕ್ಕಳ ಸಾಲಿನ ಕಟ್ಟಕಡೆಯಲ್ಲಿ ನಿಂತಿದ್ದಾರೆ. ಮಾಸ್ತರರು ಎಣಿಕೆ ಕೂಗಿದಾಗ ಮಕ್ಕಳ ಕಾಲು ಎದೆಯ ಎತ್ತರಕ್ಕೆ ಏರುತ್ತದೆ. ಇವರ ಕಾಲು ಮೊಣಕಾಲಿನ ಎತ್ತರವನ್ನೂ ದಾಟುವುದಿಲ್ಲ. ಮೈದಾನದ ಬೇಲಿಯಾಚೆ ನಿಂತವರು ನಗುತ್ತಾರೆ. ಅಸರ್ ನಮಾಝ್ ಮುಗಿಸಿ ಮನೆಗೆ ಹೊರಟ ಹಿರಿಯರೊಬ್ಬರು ನಿಂತು ನೋಡಿ, "ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಭಾಯ್?" ಎಂದು ಕೇಳುತ್ತಾರೆ.

ಆ ಸಾಲಿನಲ್ಲಿ ನಿಂತವರು ನಮ್ಮಲ್ಲೊಬ್ಬರು. ನಾವೆಂದರೆ ನಾಲ್ವರು: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ಊರುಗಳಿಂದ ಬಂದು ದುರ್ಗದ ಒಂದೇ ಹಾಸ್ಟೆಲಿನಲ್ಲಿ ಓದಿದವರು. ಒಂದೇ ಮೈದಾನದಲ್ಲಿ ಕರಾಟೆ ಕಲಿತು, ಒಂದೇ ವರ್ಷ ಅದನ್ನು ಬಿಟ್ಟು, ಮೂವತ್ತು ವರ್ಷಗಳ ಬಳಿಕ ಮತ್ತೆ ಅದಕ್ಕೆ ಮರಳಿದವರು. ಆ ಹಿರಿಯರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಕಾಳಜಿಯಿತ್ತು. ಆದ್ದರಿಂದ ಅದಕ್ಕೆ ನಗುವಿನ ಉತ್ತರ ಸಾಲದು. ಬೇಕು ಎಂಬುದು ನಮ್ಮ ಅಭಿಪ್ರಾಯ. ಅಷ್ಟೇ ಅಲ್ಲ, ಆರೋಗ್ಯವಿದ್ದೂ ದೇಹವನ್ನು ಮೂಲೆಗೆ ತಳ್ಳಿರುವ ನಮ್ಮ ಸಮುದಾಯದ ನಡುವಯಸ್ಸಿನವರೆಲ್ಲರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಬೇಕು ಎಂಬುದು ನಮ್ಮ ವಿನಂತಿ.

ನಮ್ಮ ಬಾಲ್ಯದ ಚಿತ್ರದುರ್ಗದಲ್ಲಿ ಹುಡುಗನೊಬ್ಬ ಕಾಳಗದ ಕಲೆಗೆ ಮನಸೋಲದೆ ಬೆಳೆಯುವುದು ಕಷ್ಟವಿತ್ತು. ತಲೆಯೆತ್ತಿದರೆ ಏಳು ಸುತ್ತಿನ ಕೋಟೆ. ಕೋಟೆಯೊಳಗೆ ಪಾಳೆಯಗಾರರ ಕಾಲದ ಗರಡಿ ಮನೆ. ಪೇಟೆಯಲ್ಲಿ ಕೆಮ್ಮಣ್ಣಿನ ಮಟ್ಟಿ ಹದ ಮಾಡಿ ದಂಡೆ, ಬಸ್ಕಿ ಹೊಡೆಯುವ ಪೈಲ್ವಾನರು. ಪಕ್ಕದ ದಾವಣಗೆರೆಯಲ್ಲಿ ಕುಸ್ತಿಯ ಜಾತ್ರೆಗಳು. ಚಿತ್ರಮಂದಿರದಲ್ಲಿ ಕರಾಟೆ ಕಿಂಗ್ ಎಂದು ಹೆಸರಾದ ಶಂಕರ್‌ನಾಗ್. 1990ರ ಸೆಪ್ಟೆಂಬರ್ 30ರಂದು ಅವರು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾಗಿ ತೀರಿಕೊಂಡಾಗ ನಮ್ಮ ಹಾಸ್ಟೆಲಿನ ಹುಡುಗರು ಅಂದು ಊಟ ಬಿಟ್ಟಿದ್ದರು. ಸಂಜೆ ಶಾಲೆಯೊಂದರ ಮೈದಾನದಲ್ಲಿ ಕಲಿಸುತ್ತಿದ್ದ ಕರಾಟೆ ಮಾಸ್ತರರು ಹಿಂದೂ ಧರ್ಮೀಯರು. ಫೀಸು ಕೊಡಲಾಗದ ನಮ್ಮನ್ನು ಅವರು ಒಂದು ದಿನವೂ ಹೊರಗೆ ನಿಲ್ಲಿಸಲಿಲ್ಲ.

ನಾವು ಗಮನಿಸದೆ ದಿನವೂ ಬಳಸುವ ಕೆಲವು ಶಬ್ದಗಳನ್ನು ಇಲ್ಲಿ ನೆನೆಯಬೇಕು. ಕುಸ್ತಿ, ಪೈಲ್ವಾನ ಎಂಬ ಮಾತುಗಳು ಪಾರಸಿಯಿಂದ ಕನ್ನಡಕ್ಕೆ ಬಂದವು. ತಾಲೀಮು ಎಂಬುದು ಕಲಿಕೆ ಎಂಬರ್ಥದ ಅರಬಿ ಶಬ್ದ. ಗರಡಿ, ಮಟ್ಟಿ, ಪಟ್ಟು, ವರಸೆ, ಸಾಮು ಇವು ಈ ನೆಲದವು. ಒಂದೇ ಅಖಾಡದಲ್ಲಿ ಈ ಎರಡೂ ಬಗೆಯ ಶಬ್ದಗಳು ನೂರಾರು ವರ್ಷ ಒಂದರ ಮೈಗೆ ಮತ್ತೊಂದು ಮಣ್ಣು ಬಳಿದುಕೊಂಡು ಬೆಳೆದಿವೆ. ಕಾಳಗದ ಕಲೆಯನ್ನು ಯಾವುದೋ ಒಂದು ಧರ್ಮದವರ ಸೊತ್ತೆಂದು ಭಾವಿಸುವವರಿಗೆ ಕನ್ನಡ ಭಾಷೆಯೇ ಉತ್ತರ ಕೊಡುತ್ತದೆ.

ನಾವು ಬಿಟ್ಟದ್ದೇಕೆ? ಕಾರಣಗಳನ್ನು ಪ್ರಾಮಾಣಿಕವಾಗಿ ಹೇಳಬೇಕಾದರೆ ಮೂರು.

ಮೊದಲನೆಯದು ಬಡತನ. ಎಸೆಸೆಲ್ಸಿ ಮುಗಿಯುತ್ತಿದ್ದಂತೆ ಒಬ್ಬರು ತಂದೆಯ ಗುಜರಿ ಅಂಗಡಿಗೆ, ಒಬ್ಬರು ಗ್ಯಾರೇಜಿಗೆ, ಒಬ್ಬರು ಅಡಕೆ ಮಂಡಿಗೆ, ಮತ್ತೊಬ್ಬರು ಕೆಲವು ವರ್ಷಗಳ ಬಳಿಕ ಕೊಲ್ಲಿ ರಾಷ್ಟ್ರಕ್ಕೆ ಹೋದರು. ಎರಡನೆಯದು ಹೆದರಿಕೆ. 1992ರ ಡಿಸೆಂಬರ್ ಬಳಿಕ ಮುಸ್ಲಿಮ್ ಹುಡುಗನೊಬ್ಬ ಹೊಡೆದಾಟದ ವಿದ್ಯೆ ಕಲಿಯುತ್ತಿದ್ದಾನೆ ಎಂಬುದೇ ತಂದೆತಾಯಿಯ ನಿದ್ದೆಗೆಡಿಸುವ ಸಂಗತಿಯಾಯಿತು. ನಮ್ಮಲ್ಲೊಬ್ಬರ ತಾಯಿ ಬಿಳಿ ಉಡುಪನ್ನು ಟ್ರಂಕಿನ ತಳಕ್ಕೆ ಸೇರಿಸಿ ಅದರ ಮೇಲೆ ಹಾಸಿಗೆ ಹೊದಿಕೆಗಳನ್ನು ಪೇರಿಸಿದರು. ಮೂರನೆಯದು ತಪ್ಪು ತಿಳಿವಳಿಕೆ. ಇದು ಆಟ, ಆಟವೆಂದರೆ ಕಾಲಹರಣ, ಕಾಲಹರಣ ದೀನಿಗೆ ವಿರುದ್ಧ ಎಂದು ಹಿರಿಯರು ಹೇಳಿದರು. ನಾವು ನಂಬಿದೆವು. ನಂಬುವುದು ಸುಲಭವೂ ಆಗಿತ್ತು. ಬೆವರು ಸುರಿಸುವುದನ್ನು ತಪ್ಪಿಸಿಕೊಳ್ಳಲು ಧರ್ಮದ ಕಾರಣವೊಂದು ಸಿಕ್ಕರೆ ಯಾರಿಗೆ ಬೇಡ?

ಮರಳಿದ್ದು ಕೊರೋನಾ ಕಾಲದ ಬಳಿಕ. ನಾಲ್ವರಲ್ಲಿ ಇಬ್ಬರಿಗೆ ಆಗಲೇ ಸಕ್ಕರೆ ಕಾಯಿಲೆ. ಒಬ್ಬರಿಗೆ ರಕ್ತದೊತ್ತಡ. ಆದರೆ ವೈದ್ಯರ ಮಾತಿಗಿಂತ ಹೆಚ್ಚು ನಾಟಿದ್ದು ಮಗಳೊಬ್ಬಳ ಮಾತು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಡಿ ಆತ್ಮರಕ್ಷಣೆಯ ತರಬೇತಿ ಕೊಡುತ್ತಾರೆ. ಹೊಸದುರ್ಗದ ನಮ್ಮ ಗೆಳೆಯರ ಮಗಳು ಅಲ್ಲಿ ಕಲಿತದ್ದನ್ನು ಮನೆಯಂಗಳದಲ್ಲಿ ಮಾಡಿ ತೋರಿಸುತ್ತಿದ್ದಳು. ತಂದೆ ಸುಮ್ಮನಿರಲಾಗದೆ "ಕೈ ಹಾಗಲ್ಲ, ಸೊಂಟದಿಂದ ಬರಬೇಕು" ಎಂದರು. "ಅಬ್ಬಾ, ನಿಮಗೂ ಬರುತ್ತಾ? ಮಾಡಿ ತೋರಿಸಿ" ಎಂದಳು ಹುಡುಗಿ. ಅವರು ಎದ್ದು ನಿಂತು, ಚಿಕ್ಕಂದಿನಲ್ಲಿ ನಿದ್ದೆಯಲ್ಲಿಯೂ ಮಾಡಬಲ್ಲವರಾಗಿದ್ದ ಹೇಯಾನ್ ಶೋದಾನ್ ಎಂಬ ಮೊದಲ ಕಾತಾವನ್ನು ಆರಂಭಿಸಿದರು. ಅದರಲ್ಲಿರುವುದು 21 ಚಲನೆಗಳು. ಏಳೆಂಟರ ಬಳಿಕ ಯಾವ ಕಡೆ ತಿರುಗಬೇಕೆಂದು ನೆನಪಾಗಲಿಲ್ಲ. ಉಸಿರೂ ಉಳಿದಿರಲಿಲ್ಲ. "ಪರವಾಗಿಲ್ಲ ಅಬ್ಬಾ" ಎಂದು ಮಗಳು ನೀರು ತಂದುಕೊಟ್ಟಳು. ಆ ರಾತ್ರಿಯೇ ಅವರು ಉಳಿದ ಮೂವರಿಗೆ ಫೋನು ಮಾಡಿದರು.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಈ ವಯಸ್ಸಿನಲ್ಲಿ ಬೇಕೇ?

ಪ್ರವಾದಿ(ಸ)ರ ಸಂಗಾತಿ ಉಕ್ಬಾ ಬಿನ್ ಆಮಿರ್(ರ)ರ ವೃದ್ಧಾಪ್ಯದ ಘಟನೆಯೊಂದು ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಅವರು ಎರಡು ಗುರಿಗಳ ನಡುವೆ ಓಡಾಡುತ್ತ ಬಾಣ ಬಿಡುವ ಅಭ್ಯಾಸ ಮಾಡುತ್ತಿದ್ದರು. ಇಷ್ಟು ವಯಸ್ಸಾದ ಮೇಲೂ ಈ ಶ್ರಮವೇಕೆ ಎಂದು ಒಬ್ಬರು ಕೇಳಿದರು. ಪ್ರವಾದಿ(ಸ)ರ ಬಾಯಿಂದ ಒಂದು ಮಾತನ್ನು ಕೇಳಿರದಿದ್ದರೆ ಈ ಕಷ್ಟಕ್ಕೆ ತಾನು ಇಳಿಯುತ್ತಿರಲಿಲ್ಲ ಎಂದರು ಉಕ್ಬಾ(ರ). ಬಿಲ್ಲುವಿದ್ಯೆಯನ್ನು ಕಲಿತು ಬಳಿಕ ಅದನ್ನು ತೊರೆದವರ ಕುರಿತ ಕಠಿಣ ಎಚ್ಚರಿಕೆಯ ಮಾತು ಅದು. ಮೂವತ್ತು ವರ್ಷಗಳ ಹಿಂದೆ ಈ ಘಟನೆಯನ್ನು ನಮಗೆ ಯಾರೂ ಹೇಳಿರಲಿಲ್ಲ. ಈಗ ಓದಿದಾಗ, ಬೇಲಿಯಾಚೆಯಿಂದ ಕೇಳಿಬಂದ ಪ್ರಶ್ನೆ ಹದಿನಾಲ್ಕು ಶತಮಾನಗಳಷ್ಟು ಹಳೆಯದು, ಅದಕ್ಕೆ ಉತ್ತರವೂ ಅಷ್ಟೇ ಹಳೆಯದು ಎಂದು ತಿಳಿಯಿತು. ಆ ಎಚ್ಚರಿಕೆ ಬಿಲ್ಲುವಿದ್ಯೆಯ ಕುರಿತದ್ದು. ಅದನ್ನು ಕರಾಟೆಗೆ ಹಾಗೆಯೇ ಹೊರಿಸಿ ಬಿಟ್ಟವರೆಲ್ಲ ಪಾಪಿಗಳು ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಕಷ್ಟಪಟ್ಟು ಪಡೆದ ಸಾಮರ್ಥ್ಯವೂ ಅಲ್ಲಾಹನು ಕೊಟ್ಟ ಅಮಾನತ್, ಅದನ್ನು ತುಕ್ಕು ಹಿಡಿಯಲು ಬಿಡುವುದು ಲೆಕ್ಕಕ್ಕೆ ಬಾರದ ಸಂಗತಿಯಲ್ಲ ಎಂಬ ಪಾಠವನ್ನು ಅದರಿಂದ ಪಡೆಯಬಹುದು.

ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ಪ್ರವಾದಿ(ಸ)ರು ತಿಳಿಸಿದ್ದು ಯಾರಿಗೆ? ನಿತ್ಯವೂ ಉಪವಾಸವಿದ್ದು ರಾತ್ರಿಯಿಡೀ ನಮಾಝಿನಲ್ಲಿ ಕಳೆಯುತ್ತಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ. ಆರಾಧನೆಯ ಅತಿರೇಕಕ್ಕೇ ಆ ತಡೆ ಇದೆಯೆಂದಾದರೆ, ಸೋಮಾರಿತನದಿಂದ ದೇಹದ ಹಕ್ಕು ಕಸಿಯುವ ನಮ್ಮ ಪಾಡೇನು? ಪ್ರವಾದಿ(ಸ)ರು ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ ಪ್ರಸಂಗ ನಮಗೆಲ್ಲ ಗೊತ್ತು. ಮೊದಲ ಸಲ ಆಯಿಶಾ(ರ) ಗೆದ್ದರು. ವರ್ಷಗಳು ಕಳೆದು ಅವರ ಮೈ ತುಂಬಿಕೊಂಡ ಬಳಿಕ ನಡೆದ ಎರಡನೆಯ ಓಟದಲ್ಲಿ ಪ್ರವಾದಿ(ಸ)ರು ಗೆದ್ದು, ಇದು ಅದಕ್ಕೆ ಎಂದು ವಿನೋದವಾಡಿದರು. ಈ ಪ್ರಸಂಗವನ್ನು ದಾಂಪತ್ಯದ ಸೊಬಗಿಗೆ ಉದಾಹರಣೆಯಾಗಿ ಕೊಡುತ್ತೇವೆ. ಪ್ರವಾದಿ(ಸ)ರು ಆಗ ಐವತ್ತು ದಾಟಿದವರು ಎಂಬುದನ್ನು ಮಾತ್ರ ಮರೆಯುತ್ತೇವೆ. ಐವತ್ತು ದಾಟಿದ, ಒಂದು ಸಮುದಾಯದ ಸಮಸ್ತ ಹೊಣೆಯನ್ನು ಹೊತ್ತ ವ್ಯಕ್ತಿ ಓಡಲು ನಾಚಲಿಲ್ಲ. ನಾವು ನಾಚುತ್ತೇವೆ.

ಈದ್ ದಿನದಂದು ಅಬಿಸೀನಿಯಾದವರು ಮಸೀದಿಯ ಆವರಣದಲ್ಲಿಯೇ ಈಟಿಗಳ ಆಟವನ್ನು ಪ್ರದರ್ಶಿಸಿದ್ದು, ಆಯಿಶಾ(ರ) ಪ್ರವಾದಿ(ಸ)ರ ಹೆಗಲ ಮರೆಯಲ್ಲಿ ನಿಂತು ಸಾಕೆನಿಸುವವರೆಗೆ ಅದನ್ನು ನೋಡಿದ್ದು ಬುಖಾರಿ, ಮುಸ್ಲಿಮ್ ಎರಡರಲ್ಲಿಯೂ ಇದೆ. ಆಟವೆಲ್ಲ ಕಾಲಹರಣ ಎನ್ನುವವರು ಈ ವರದಿಯನ್ನು ಇನ್ನೊಮ್ಮೆ ಓದಬೇಕು.

ಆದರೆ ಇದೇ ಹದೀಸ್ ಸಂಗ್ರಹಗಳಲ್ಲಿ ನಮ್ಮ ಕೈಗೆ ಕಡಿವಾಣವೂ ಇದೆ. ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೆಡಹುವವನಲ್ಲ, ಕೋಪ ಬಂದಾಗ ತನ್ನನ್ನು ತಾನು ಹಿಡಿದುಕೊಳ್ಳುವವನೇ ಬಲಶಾಲಿ ಎಂಬುದು ಪ್ರವಾದಿ(ಸ)ರ ಬೋಧನೆಯ ಸಾರ. ಮುಖಕ್ಕೆ ಹೊಡೆಯಬಾರದು ಎಂಬುದು ಇನ್ನೊಂದು. ತರಬೇತಿಯಲ್ಲಿಯೂ ಎದುರಿನವನ ಮುಖಕ್ಕೆ ಕೈ ತಾಕಿಸದಿರುವ ನಿಯಮವನ್ನು ನಾವು ಇದರಿಂದಲೇ ಇಟ್ಟುಕೊಂಡಿದ್ದೇವೆ. ನಮ್ಮ ಮಾಸ್ತರರು ಅದಕ್ಕೆ ಸಂತೋಷದಿಂದ ಒಪ್ಪಿದರು.

ಈ ಬೋಧನೆ ಪುಸ್ತಕದಲ್ಲಿ ಉಳಿಯದೆ ಬೀದಿಗೆ ಬಂದ ದಿನವೊಂದನ್ನು ಹೇಳಬೇಕು. ಹಿರಿಯೂರಿನ ನಮ್ಮ ಗೆಳೆಯರು ಮುಂಗೋಪಿಗಳು. ಅವರ ಗ್ಯಾರೇಜಿನಲ್ಲಿ ಕೆಲಸದವರು ಅವರ ಮುಖ ನೋಡಿ ಮಾತನಾಡುತ್ತಿದ್ದರು. ತಾಲೀಮಿಗೆ ಮರಳಿದ ಎರಡನೆಯ ವರ್ಷ ಹೆದ್ದಾರಿಯ ಬದಿಯಲ್ಲಿ ಗಾಡಿ ನಿಲ್ಲಿಸುವ ವಿಷಯಕ್ಕೆ ಜಗಳವಾಗಿ, ಎದುರಿನ ಯುವಕ ಅವರ ಟೋಪಿಯನ್ನು ಕಿತ್ತು ನೆಲಕ್ಕೆಸೆದ. ಸುತ್ತ ಜನ ಸೇರಿದರು. ಹೊಡೆಯಲು ಗೊತ್ತಿತ್ತು. ಎಲ್ಲಿ ಹೊಡೆದರೆ ಆತ ಬೀಳುತ್ತಾನೆಂಬುದೂ ಗೊತ್ತಿತ್ತು. ಅವರು ಬಾಗಿ ಟೋಪಿಯನ್ನೆತ್ತಿ, ಧೂಳು ಕೊಡವಿ, ತಲೆಗಿಟ್ಟುಕೊಂಡು, "ಗಾಡಿ ತೆಗೆಯುತ್ತೇನೆ, ಎರಡು ನಿಮಿಷ ಕೊಡಿ" ಎಂದರು. ಮೊದಲಾಗಿದ್ದರೆ ಹೊಡೆದುಬಿಡುತ್ತಿದ್ದೆ, ಆಗ ನನಗೆ ಹೊಡೆಯಲು ಬರುತ್ತದೋ ಇಲ್ಲವೋ ಎಂಬ ಅನುಮಾನವಿತ್ತು, ಅದನ್ನು ಸಾಬೀತು ಮಾಡಬೇಕಿತ್ತು ಎಂದು ಅವರು ನಮಗೆ ಆಮೇಲೆ ಹೇಳಿದರು. ಬಲವಿಲ್ಲದವನ ಸುಮ್ಮನಿರುವಿಕೆ ಅಸಹಾಯಕತೆಯೂ ಆಗಿರಬಹುದು. ಬಲವಿದ್ದವನು ಸುಮ್ಮನಿದ್ದರೆ ಅದು ಸಬ್ರ್. ಈ ಎರಡರ ನಡುವಿನ ಅಂತರವನ್ನು ನಮ್ಮ ಯುವಕರು ತಿಳಿಯಬೇಕಾಗಿದೆ.

ಇನ್ನು ನಮ್ಮವರೇ ಎತ್ತುವ ಆಕ್ಷೇಪಗಳು. ಅವುಗಳನ್ನು ತಳ್ಳಿಹಾಕುವುದು ಸರಿಯಲ್ಲ.

ಕರಾಟೆಯಲ್ಲಿ ಬಾಗಿ ವಂದಿಸುವ ಪದ್ಧತಿಯಿದೆ, ಗರಡಿಯಲ್ಲಿ ಮಟ್ಟಿಗೂ ಆಂಜನೇಯನಿಗೂ ಪೂಜೆಯಿದೆ, ಒಬ್ಬ ವಿಶ್ವಾಸಿ ಇದರಲ್ಲಿ ಹೇಗೆ ಭಾಗಿಯಾಗುವುದು ಎಂಬುದು ಮೊದಲ ಆಕ್ಷೇಪ. ಇದು ಸಣ್ಣ ವಿಷಯವಲ್ಲ. ನಮ್ಮ ತಲೆ ಬಾಗುವುದು ಅಲ್ಲಾಹನೊಬ್ಬನಿಗೇ. ನಾವು ಮಾಸ್ತರರ ಬಳಿ ಹೋಗಿ ಇದನ್ನು ವಿನಯದಿಂದ ತಿಳಿಸಿದೆವು. ನಿಮ್ಮ ಮೇಲಿನ ಗೌರವಕ್ಕೆ ಕೊರತೆಯಿಲ್ಲ, ಆದರೆ ಬಾಗುವುದು ನಮ್ಮ ನಮಾಝಿನ ಭಾಗ ಎಂದೆವು. ಅವರು ಒಂದು ಕ್ಷಣ ಯೋಚಿಸಿ, "ಎದೆಯ ಮೇಲೆ ಕೈಯಿಟ್ಟು ನಿಲ್ಲಿ, ಅದೂ ಗೌರವವೇ" ಎಂದರು. ಅಂದಿನಿಂದ ಹಾಗೆಯೇ ನಡೆದಿದೆ. ಇತರ ಮಕ್ಕಳು ಬಾಗುತ್ತಾರೆ, ನಾವು ಎದೆಯ ಮೇಲೆ ಕೈಯಿಡುತ್ತೇವೆ. ಯಾರೂ ಯಾರನ್ನೂ ನೋಡಿ ನಗುವುದಿಲ್ಲ. ಕೇಳಿದ್ದರೆ ಸಿಗುತ್ತಿದ್ದ ಅನುಮತಿಯನ್ನು ಕೇಳದೆಯೇ ಸಿಗದೆಂದು ತೀರ್ಮಾನಿಸಿ ಎಷ್ಟು ಬಾಗಿಲುಗಳಿಂದ ನಾವು ಹಿಂದಿರುಗಿದ್ದೇವೆಯೋ! ಉಳಿದಂತೆ ಕರಾಟೆಯ ಉಡುಪು ಮೈಮುಚ್ಚುವಂಥದ್ದು. ತರಬೇತಿಯ ಸಮಯವನ್ನು ಅಸರ್ ಮತ್ತು ಮಗ್ರಿಬ್ ನಡುವೆ ಹೊಂದಿಸಿಕೊಂಡೆವು.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದುದು. ಕೆಲವು ವರ್ಷಗಳಿಂದ ಮುಸ್ಲಿಮರ ವಿಷಯದಲ್ಲಿ ತರಬೇತಿ ಎಂಬ ಶಬ್ದವೇ ಅನುಮಾನಕ್ಕೆ ಗುರಿಯಾಗಿದೆ. 2022ರಲ್ಲಿ ನೆರೆಯ ತೆಲಂಗಾಣದ ನಿಝಾಮಾಬಾದಿನಲ್ಲಿ ಕರಾಟೆ ತರಗತಿಯ ಹೆಸರಿನಲ್ಲಿ ಬೇರೆಯೇ ತರಬೇತಿ ನಡೆದಿದೆ ಎಂಬ ಆರೋಪದ ಮೇಲೆ ಪ್ರಕರಣಗಳು ದಾಖಲಾದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪಾಪ್ಯುಲರ್ ಫ್ರಂಟ್ ನಿಷೇಧವಾಯಿತು. ಆ ಪ್ರಕರಣಗಳ ಸತ್ಯಾಸತ್ಯವನ್ನು ನಿರ್ಣಯಿಸಬೇಕಾದುದು ನ್ಯಾಯಾಲಯ. ನಮ್ಮ ಪ್ರಶ್ನೆ ಬೇರೆ: ಇಂಥ ಕಾಲದಲ್ಲಿ ಗಡ್ಡಧಾರಿಗಳು ನಾಲ್ವರು ಮೈದಾನಕ್ಕಿಳಿಯುವುದು ಬುದ್ಧಿವಂತಿಕೆಯೇ?

ನಮ್ಮ ಉತ್ತರ ಇಷ್ಟೇ. ಮುಚ್ಚಿದ ಬಾಗಿಲ ಹಿಂದೆ ಕಲಿಯಬಾರದು. ನಮ್ಮವರಷ್ಟೇ ಇರುವ ಗುಂಪಿನಲ್ಲಿ ಕಲಿಯಬಾರದು. ಸಿಟ್ಟನ್ನು ಸಾಕುವ ಭಾಷಣಕಾರರನ್ನು ಮೈದಾನದ ಹತ್ತಿರ ಬಿಟ್ಟುಕೊಳ್ಳಬಾರದು. ಊರಿನ ಎಲ್ಲ ಸಮುದಾಯಗಳ ಮಕ್ಕಳು ಬರುವ ತರಗತಿಯಲ್ಲಿ, ಹಾದಿಹೋಕರಿಗೆಲ್ಲ ಕಾಣುವ ಮೈದಾನದಲ್ಲಿ, ತಂದೆತಾಯಿಯರು ಬೇಲಿಯ ಬಳಿ ಕುಳಿತು ನೋಡುವಂತೆ ಕಲಿಯಬೇಕು. ಬಲವನ್ನು ಒಳಗೊಳಗೇ ಕೂಡಿಟ್ಟವನ ಬಗ್ಗೆ ನೆರೆಯವನಿಗೆ ಭಯ ಹುಟ್ಟಿದರೆ ಅದರಲ್ಲಿ ನೆರೆಯವನ ತಪ್ಪೇನೂ ಇಲ್ಲ. ತನ್ನ ಕೈಯ ಕೇಡಿನಿಂದ ನೆರೆಯವನು ನಿರ್ಭಯನಾಗಿರಬೇಕೆಂಬುದು ವಿಶ್ವಾಸದ ಷರತ್ತು. ಗಾಮಾ ಪೈಲ್ವಾನರ ಹೆಸರನ್ನು ಕೇಳದವರಿಲ್ಲ. 1910ರಲ್ಲಿ ಲಂಡನ್ನಿನಲ್ಲಿ ಝ್ಬಿಷ್ಕೋ ಎಂಬ ಪೋಲೆಂಡಿನ ಮಲ್ಲನೊಂದಿಗೆ ಗಂಟೆಗಟ್ಟಲೆ ಸೆಣಸಿಯೂ ಫಲಿತಾಂಶ ದೊರೆಯಲಿಲ್ಲ. 18 ವರ್ಷ ತಾಲೀಮು ಬಿಡದ ಗಾಮಾ 1928ರಲ್ಲಿ ಪಟಿಯಾಲಾದಲ್ಲಿ ಅದೇ ಮಲ್ಲನನ್ನು ಒಂದು ನಿಮಿಷದೊಳಗೆ ಕೆಡವಿದರು. ಆಗ ಅವರಿಗೆ ಐವತ್ತರ ಆಸುಪಾಸು. ಆದರೆ ಅವರ ಬಗ್ಗೆ ನಮಗೆ ಹೆಚ್ಚು ಪ್ರಿಯವಾದುದು ಇನ್ನೊಂದು ಸಂಗತಿ. 1947ರ ದಂಗೆಗಳಲ್ಲಿ ಲಾಹೋರಿನ ತಮ್ಮ ಬೀದಿಯ ಹಿಂದೂ ಕುಟುಂಬಗಳಿಗೆ ಅವರು ಕಾವಲು ನಿಂತರೆಂದು ಹೇಳಲಾಗುತ್ತದೆ. ನಮ್ಮ ಮಕ್ಕಳು ಬಲಶಾಲಿಗಳಾಗಬೇಕಾದುದು ಇದಕ್ಕಾಗಿ.

ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಚಿತ್ರದುರ್ಗದ ಮುಸ್ಲಿಮನ ಎದೆಯಲ್ಲಿ ಅದಿದೆ. ಈ ಊರಿನಲ್ಲಿ ಕಾಳಗದ ಮಾತು ಬಂದರೆ ಒನಕೆ ಓಬವ್ವನ ಹೆಸರು ಬರುತ್ತದೆ. ಕಿಂಡಿಯಲ್ಲಿ ನುಸುಳಿದ ಸೈನಿಕರು ಹೈದರಾಲಿಯವರು. ಶಾಲೆಯಲ್ಲಿ ಆ ಪಾಠ ಬಂದಾಗ, 1972ರ ನಾಗರಹಾವು ಚಿತ್ರದಲ್ಲಿ ಆ ದೃಶ್ಯ ಬಂದಾಗ, ನಮ್ಮ ಬೆಂಚಿನ ಕಡೆಗೆ ಕೆಲವು ಕಣ್ಣುಗಳು ತಿರುಗುತ್ತಿದ್ದುದನ್ನು ನಾವು ಕಂಡಿದ್ದೇವೆ. ನಾವೂ ತಲೆ ತಗ್ಗಿಸುತ್ತಿದ್ದೆವು. ಇಂದು ಕೇಳಿಕೊಳ್ಳುತ್ತೇವೆ, ಏಕೆ ತಗ್ಗಿಸಬೇಕಿತ್ತು? ಹೈದರಾಲಿ ಬಂದದ್ದು ರಾಜ್ಯ ವಿಸ್ತರಣೆಗೆ. ಅವನ ಸೇನೆಯಲ್ಲಿ ಹಿಂದೂಗಳಿದ್ದರು. ಮದಕರಿ ನಾಯಕನ ಸೇನೆಯಲ್ಲಿ ಮುಸ್ಲಿಮರಿದ್ದರು. 1779ರಲ್ಲಿ ದುರ್ಗ ಬಿದ್ದದ್ದು ನಾಯಕನ ಅನ್ನ ಉಂಡಿದ್ದ ಮುಸ್ಲಿಮ್ ಅಧಿಕಾರಿಗಳ ದ್ರೋಹದಿಂದ ಎಂದು ಹಳೆಯ ಮೈಸೂರು ಗ್ಯಾಸೆಟಿಯರ್ ಹೇಳುತ್ತದೆ. ನಾವು ತಲೆ ತಗ್ಗಿಸಬೇಕಾದರೆ ಆ ವಿಶ್ವಾಸದ್ರೋಹಕ್ಕೆ ತಗ್ಗಿಸೋಣ. ಅಮಾನತ್ತಿಗೆ ವಂಚಿಸುವುದು ಕಪಟಿಯ ಲಕ್ಷಣವೆಂದು ನಮಗೆ ಕಲಿಸಲಾಗಿದೆ. ಓಬವ್ವನ ವಿಷಯದಲ್ಲಿ ತಗ್ಗಿಸಬೇಕಾಗಿಲ್ಲ. ಗಂಡ ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ ತನ್ನವರ ಹೊಸ್ತಿಲನ್ನು ಕೈಗೆ ಸಿಕ್ಕ ಒನಕೆಯಿಂದ ಕಾದ ಆ ಹೆಣ್ಣುಮಗಳು ಈ ಊರಿನಲ್ಲಿ ಹುಟ್ಟಿದ ನಮ್ಮ ಹೆಣ್ಣುಮಕ್ಕಳಿಗೂ ಹಿರಿಯಳು. ಸರ್ಕಾರ 2021ರಿಂದ ನವೆಂಬರ್ 11ರಂದು ಅವಳ ಜಯಂತಿಯನ್ನು ಆಚರಿಸುತ್ತಿದೆ. ವಸತಿ ಶಾಲೆ, ಹಾಸ್ಟೆಲುಗಳ ಹೆಣ್ಣುಮಕ್ಕಳಿಗೆ ಅವಳ ಹೆಸರಿನಲ್ಲಿಯೇ ಆತ್ಮರಕ್ಷಣೆ ಕಲಿಸಲಾಗುತ್ತಿದೆ. ನಮ್ಮ ಮಗಳು ಆ ಸಾಲಿನಲ್ಲಿ ನಿಂತಿದ್ದರೆ ಅವಳು ತನ್ನ ಊರಿನ ಚರಿತ್ರೆಯಲ್ಲಿ ತನ್ನ ಜಾಗದಲ್ಲಿಯೇ ನಿಂತಿದ್ದಾಳೆ.

ಹೆಣ್ಣುಮಕ್ಕಳಿಗೆ ಇದೇಕೆ ಎಂಬ ನಾಲ್ಕನೆಯ ಆಕ್ಷೇಪಕ್ಕೂ ಇಲ್ಲಿಯೇ ಉತ್ತರವಿದೆ. ಮಾನ, ಪ್ರಾಣಗಳ ರಕ್ಷಣೆ ಶರೀಅತ್ತಿನ ಮೂಲ ಉದ್ದೇಶಗಳಲ್ಲಿ ಸೇರಿದೆ ಎಂದು ವೇದಿಕೆಗಳಲ್ಲಿ ಹೇಳುತ್ತೇವೆ. ಬಸ್ಸಿನಲ್ಲಿ, ಬೀದಿಯಲ್ಲಿ ಆ ರಕ್ಷಣೆಯ ದಾರಿಯನ್ನು ಕಲಿಯಲು ಹೊರಟ ಹುಡುಗಿಯನ್ನು ಮಾತ್ರ ಮನೆಯಲ್ಲಿ ಕೂರಿಸುತ್ತೇವೆ. ಬೇಕಾದ ಮರ್ಯಾದೆಗಳನ್ನು ಪಾಲಿಸುವ ಏರ್ಪಾಡು ಮಾಡೋಣ, ಮಹಿಳಾ ತರಬೇತುದಾರರನ್ನು ಹುಡುಕೋಣ. ಅದು ಹಿರಿಯರ ಕೆಲಸ. ಏರ್ಪಾಡು ಇಲ್ಲವೆಂಬ ಕಾರಣಕ್ಕೆ ಕಲಿಕೆಯನ್ನೇ ನಿಲ್ಲಿಸುವುದು ಹಿರಿತನವಲ್ಲ.

ಮರಳುವುದು ಒಂದು ದಿನದ ಉತ್ಸಾಹ. ಮರಳಿ ಉಳಿಯುವುದು ಬೇರೆಯೇ ಕೆಲಸ. ಮೊದಲ ತಿಂಗಳು ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಾಯಿತು. ಮೂರನೆಯ ತಿಂಗಳು ಹೊಳಲ್ಕೆರೆಯ ಗೆಳೆಯರ ಮೊಣಕಾಲು ಊದಿತು. ಅಡಕೆಯ ಸುಗ್ಗಿಯಲ್ಲಿ ಅವರು ಬರುವುದನ್ನೇ ನಿಲ್ಲಿಸಿದರು. ಎರಡು ಸಲ ಬಿಟ್ಟರು, ಎರಡು ಸಲವೂ ಮರಳಿದರು. ಹಳದಿ ಬೆಲ್ಟಿನ ಪರೀಕ್ಷೆಯಲ್ಲಿ ನಮ್ಮಲ್ಲಿಬ್ಬರು ಅನುತ್ತೀರ್ಣರಾದರು. ಉತ್ತೀರ್ಣನಾದ ಹನ್ನೊಂದು ವರ್ಷದ ಹುಡುಗನೊಬ್ಬ "ಮುಂದಿನ ಸಲ ಆಗುತ್ತೆ ಅಂಕಲ್" ಎಂದು ಸಮಾಧಾನ ಹೇಳಿದ. ಬಾಲ್ಯದಲ್ಲಿ ಕಂದು ಬೆಲ್ಟಿನವರೆಗೆ ಹೋಗಿದ್ದೆವೆಂಬ ಅಹಂಕಾರ ಆ ದಿನ ಮುರಿಯಿತು. ಅದು ಮುರಿದದ್ದೇ ಒಳ್ಳೆಯದಾಯಿತು.

ನಮ್ಮನ್ನು ಉಳಿಸಿದ್ದು ಪ್ರವಾದಿ(ಸ)ರ ಒಂದು ಮಾರ್ಗದರ್ಶನ. ಅಲ್ಪವಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯ ಎಂಬುದು ಆಯಿಶಾ(ರ)ರು ವರದಿ ಮಾಡಿದ ಪ್ರಸಿದ್ಧ ಬೋಧನೆ. ಅದರಂತೆ ನಿಯಮ ಸಣ್ಣದು ಮಾಡಿಕೊಂಡೆವು. ವಾರಕ್ಕೆ ಮೂರು ದಿನ, ಫಜ್ರ್ ಬಳಿಕ ಅರ್ಧ ಗಂಟೆ, ಅವರವರ ಊರಿನಲ್ಲಿಯೇ. ಮುಗಿದ ಬಳಿಕ ನಾಲ್ವರಲ್ಲಿ ಒಬ್ಬರು ಉಳಿದವರಿಗೆ ಕರೆ ಮಾಡಬೇಕು. ತಿಂಗಳಿಗೆ ಒಂದು ಭಾನುವಾರ ದುರ್ಗದಲ್ಲಿ ಸೇರಬೇಕು. ರಮಝಾನಿನಲ್ಲಿ ಕೈಕಾಲಿನ ಹಗುರ ಅಭ್ಯಾಸವಷ್ಟೇ, ಆದರೆ ನಿಲ್ಲಿಸುವಂತಿಲ್ಲ. ಆರಂಭಕ್ಕೆ ಮುನ್ನ ವೈದ್ಯರನ್ನು ಕಂಡು ಹೃದಯದ ತಪಾಸಣೆ ಮಾಡಿಸಿಕೊಂಡೆವು. ನಲವತ್ತು ದಾಟಿದ ಯಾರೂ ಇದನ್ನು ತಪ್ಪಿಸಬಾರದು.

ಇದೇನೂ ನಮ್ಮ ಸಾಹಸವಲ್ಲ. ಒಕಿನಾವಾದ ದುರ್ಬಲ ಬಾಲಕನಾಗಿದ್ದ ಗಿಚಿನ್ ಫುನಕೋಶಿ ಕರಾಟೆಯನ್ನು ಹಿಡಿದುಕೊಂಡು ಟೋಕಿಯೋಗೆ ಹೋದದ್ದು 1922ರಲ್ಲಿ, ಐವತ್ತು ದಾಟಿದ ಮೇಲೆ. ಸೈಕಲ್ ಕಳೆದುಕೊಂಡ ಸಿಟ್ಟಿನಲ್ಲಿ 12ನೆಯ ವಯಸ್ಸಿಗೆ ಬಾಕ್ಸಿಂಗ್ ಹಿಡಿದ ಮುಹಮ್ಮದ್ ಅಲಿಯವರಿಂದ 1967ರಲ್ಲಿ ಪಟ್ಟವನ್ನೂ ಅಖಾಡವನ್ನೂ ಕಸಿಯಲಾಯಿತು. ಅವರು ಮರಳಿ ಬಂದು 1974ರಲ್ಲಿ ಕಿನ್ಶಾಸಾದಲ್ಲಿ ಪಟ್ಟವನ್ನು ಮತ್ತೆ ಪಡೆದರು. ಅನುಮಾನದ ಸುದ್ದಿಯಿಂದ ಹೆಸರಾದ ಅದೇ ನಿಝಾಮಾಬಾದಿನ ಹೆಣ್ಣುಮಗಳು ನಿಖತ್ ಝರೀನ್ 2011ರಲ್ಲಿ ಬಾಲಕಿಯಾಗಿ ಜೂನಿಯರ್ ವಿಶ್ವ ಪಟ್ಟ ಗೆದ್ದವಳು. 2017ರಲ್ಲಿ ಭುಜದ ಗಾಯದಿಂದ ದೂರವುಳಿದು, 2022ರ ಮೇ ತಿಂಗಳಲ್ಲಿ ಇಸ್ತಾಂಬುಲಿನಲ್ಲಿ ವಿಶ್ವ ಚಾಂಪಿಯನ್ನಾದಳು. ಒಂದೇ ಊರು, ಒಂದೇ ವರ್ಷ, ಎರಡು ಸುದ್ದಿ. ನಮ್ಮ ಮಕ್ಕಳಿಗೆ ಯಾವುದನ್ನು ಹೇಳಬೇಕೆಂಬುದು ನಮ್ಮ ಕೈಯಲ್ಲಿದೆ.

ಹಿರಿಯೂರಿನವರಿಗೆ ನಿರಂತರತೆಯ ಬಗ್ಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಬಳಿಕ 89 ವರ್ಷ ಹಾಗೆ ತುಂಬಲಿಲ್ಲ. ಎರಡು ಮೂರು ತಲೆಮಾರು ಅದನ್ನು ಕಾಣದೆಯೇ ಹೋಯಿತು. ತುಂಬುವುದಿಲ್ಲವೆಂದು ಯಾರೂ ಕಟ್ಟೆಯನ್ನು ಒಡೆಯಲಿಲ್ಲ; ದುರಸ್ತಿ ಮಾಡುತ್ತಲೇ ಬಂದರು. 2022ರ ಸೆಪ್ಟೆಂಬರಿನಲ್ಲಿ ನೀರು ಕೋಡಿ ಹರಿದಾಗ ಮುದುಕರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲು ಹೋದರು. ಮಳೆ ಸುರಿಸುವುದು ಅಲ್ಲಾಹನ ಕೆಲಸ. ಕಟ್ಟೆಯನ್ನು ಕಾಯುವುದು ನಮ್ಮದು.

ಕೊನೆಯದಾಗಿ ಮಸೀದಿ ಕಮಿಟಿಗಳಿಗೂ ಮದ್ರಸಾ ನಡೆಸುವವರಿಗೂ ನಮ್ಮ ಕೋರಿಕೆ. ಮದುವೆ ಮಂಟಪಕ್ಕೆ ಲಕ್ಷಗಟ್ಟಲೆ ವೆಚ್ಚ ಮಾಡುವ ಜಮಾಅತ್‌ಗಳು ಊರಿನ ಎಲ್ಲ ಮಕ್ಕಳಿಗೂ ತೆರೆದಿರುವ ಒಂದು ಆಟದ ಮೈದಾನಕ್ಕಾಗಿ ಕೈಯೆತ್ತಲಿ. ಜುಮಾ ಖುತ್‌ಬಾದಲ್ಲಿ ವರ್ಷಕ್ಕೊಮ್ಮೆಯಾದರೂ ದೇಹದ ಹಕ್ಕಿನ ಕುರಿತು ಮಾತು ಬರಲಿ. ಬೆಳಗ್ಗೆ ಫಜ್ರ್‌ಗೆ ಬಂದವರು ಬಾಗಿಲ ಬಳಿ ಚಹಾ ಕುಡಿದು ಮಲಗಲು ಹೋಗುವ ಬದಲು ಅರ್ಧ ಗಂಟೆ ನಡೆಯಲಿ, ಈಜಲಿ, ಗರಡಿಗೆ ಹೋಗಲಿ, ಬಾಲ್ಯದಲ್ಲಿ ಯಾವುದನ್ನು ಪ್ರೀತಿಸಿ ಬಿಟ್ಟಿದ್ದರೋ ಅದಕ್ಕೆ ಮರಳಲಿ.

ಹೊಸದುರ್ಗದ ನಮ್ಮ ಗೆಳೆಯರಿಗೆ ಈಗ 21 ಚಲನೆಗಳೂ ನೆನಪಿವೆ. ಸಂಜೆ ಅಂಗಳದಲ್ಲಿ ತಂದೆ ಮಗಳು ಜೊತೆಯಾಗಿ ಮಾಡುತ್ತಾರೆ. ಮಗಳು ತಿದ್ದುತ್ತಾಳೆ, ತಂದೆ ಒಪ್ಪಿಕೊಳ್ಳುತ್ತಾರೆ. ಬೇಲಿಯಾಚೆ ನಿಂತು ಪ್ರಶ್ನೆ ಕೇಳಿದ್ದ ಆ ಹಿರಿಯರು ಕಳೆದ ತಿಂಗಳು ತಮ್ಮ ಮೊಮ್ಮಗನನ್ನು ಕೈಹಿಡಿದು ಮೈದಾನಕ್ಕೆ ತಂದು ಬಿಟ್ಟರು. ಹೋಗುವಾಗ ನಮ್ಮ ಕಡೆ ನೋಡಿ, "ಇವನನ್ನು ಮಧ್ಯದಲ್ಲಿ ಬಿಡಲು ಬಿಡಬೇಡಿ" ಎಂದರು.

ನಮಗೆ ಕೊಟ್ಟ ದೇಹ, ಬಲ, ಆಯುಷ್ಯಗಳ ಲೆಕ್ಕವನ್ನು ಸುಲಭಗೊಳಿಸುವಂತೆ, ನಮ್ಮ ಕೈಗಳನ್ನು ಅನ್ಯಾಯದಿಂದ ತಡೆದು ದುರ್ಬಲರ ಕಾವಲಿಗೆ ಬಳಸುವಂತೆ ಅಲ್ಲಾಹನು ನಮ್ಮನ್ನು ಅನುಗ್ರಹಿಸಲಿ. ಆಮೀನ್.